ಸೇನಾ ವಿಮಾನಯಾನಕ್ಕೆ ಉಪಗ್ರಹ ಪಥದರ್ಶನ: ಪುಣೆ, ಮುಂಬಯಿಯಲ್ಲಿದ್ದುಕೊಂಡು ಸಂಶೋಧನೆಗೆ ಇಳಿಯುವ ಬಗೆ

ಪುಣೆ, ಮುಂಬಯಿ, ಗೋವಾಗಳಲ್ಲಿ ಎಲೆಕ್ಟ್ರಾನಿಕ್ಸ್, ಏರೋಸ್ಪೇಸ್ ಅಥವಾ ಭೌತಶಾಸ್ತ್ರ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆಯೊಂದಿದೆ: ರಕ್ಷಣಾ ಕ್ಷೇತ್ರಕ್ಕೆ ಸಂಬಂಧಿಸಿದ ಉಪಗ್ರಹ ಪಥದರ್ಶನದಲ್ಲಿ ಸಂಶೋಧನೆ ಮಾಡಬೇಕೆಂದಿದ್ದರೆ ಯಾರನ್ನು ಹಿಡಿಯಬೇಕು? ಮೊದಲು ಹಿಡಿಯಬೇಕಾದದ್ದು ಸಿಗ್ನಲನ್ನು ಎಂಬುದು ನನ್ನ ಉತ್ತರ. ಈ ಕ್ಷೇತ್ರದಲ್ಲಿ ಗುಟ್ಟಾಗಿರುವುದು ಗೂಢಲಿಪಿಯ ಕೀಲಿಗಳು, ಆಯುಧಗಳ ವಿವರಗಳು ಮತ್ತು ಕೆಲವು ಯಂತ್ರಾಂಶಗಳು ಮಾತ್ರ. ಉಳಿದ ಭೌತಶಾಸ್ತ್ರ, ಗಣಿತ, ಸಿಗ್ನಲ್‌ನ ರಚನೆ ಮತ್ತು ಅದರ ತೊಂದರೆಗಳೆಲ್ಲ ಬಯಲಿನಲ್ಲಿಯೇ ಇವೆ. ಅದರಲ್ಲಿಯೂ ಒಂದು ದೊಡ್ಡ ತೊಂದರೆ ನಮ್ಮ ಈ ಪಶ್ಚಿಮ ತೀರದ ಆಕಾಶದಲ್ಲಿಯೇ ಇದೆ. ಅದನ್ನು ಅಳೆಯಲು ಯಾರ ಅನುಮತಿಯೂ ಬೇಕಿಲ್ಲ.

ಮೊದಲು ತಳಪಾಯ. ಉಪಗ್ರಹವು ತನ್ನ ಸಮಯವನ್ನೂ ತಾನಿರುವ ಜಾಗವನ್ನೂ ಪ್ರಸಾರ ಮಾಡುತ್ತದೆ. ರಿಸೀವರ್ ಆ ಸಿಗ್ನಲ್ ತಲುಪಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ನಿರ್ದೇಶಾಂಕಗಳ ಜೊತೆಗೆ ರಿಸೀವರ್‌ನ ಅಗ್ಗದ ಗಡಿಯಾರದ ದೋಷವೂ ಅಜ್ಞಾತವಾಗಿರುವುದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದೂರದಲ್ಲಿ 30 ಸೆಂಟಿಮೀಟರ್ ತಪ್ಪುತ್ತದೆ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಜಿಪಿಎಸ್ ಉಪಗ್ರಹದ ಗಡಿಯಾರ ಭೂಮಿಯ ಮೇಲಿನ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಇದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ದೂರದ ಲೆಕ್ಕ 11 ಕಿಲೋಮೀಟರ್‌ನಷ್ಟು ಹಳಿ ತಪ್ಪುತ್ತದೆ. ಈ ಎರಡು ಲೆಕ್ಕಗಳನ್ನು ನೀವೇ ಕಾಗದದ ಮೇಲೆ ಮಾಡಿ ನೋಡದ ಹೊರತು ಮುಂದಿನ ಪುಟ ತಿರುಗಿಸಬೇಡಿ.

ಗಡಿಯಾರವೇ ಈ ವ್ಯವಸ್ಥೆಯ ಜೀವಾಳ ಎಂಬುದನ್ನು ಭಾರತದ ಸ್ವಂತ ಉಪಗ್ರಹ ಪಥದರ್ಶನ ವ್ಯವಸ್ಥೆಯಾದ ನ್ಯಾವಿಕ್‌ನ ಚರಿತ್ರೆಗಿಂತ ಚೆನ್ನಾಗಿ ಇನ್ನಾವುದೂ ಕಲಿಸಲಾರದು. 2006ರಲ್ಲಿ ಮಂಜೂರಾದ ಈ ಯೋಜನೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಏಳನೆಯದು 2016ರ ಏಪ್ರಿಲ್ 28ರಂದು ಕಕ್ಷೆ ಸೇರಿದಾಗ ಇಡೀ ವ್ಯವಸ್ಥೆಗೆ ನ್ಯಾವಿಕ್ ಎಂಬ ಹೆಸರು ಬಂದಿತು. ಅದರ ಬೆನ್ನಲ್ಲಿಯೇ ಮೊದಲ ಉಪಗ್ರಹದ ಆಮದು ಮಾಡಿದ ರುಬಿಡಿಯಂ ಗಡಿಯಾರಗಳು ಕೈಕೊಡಲು ಆರಂಭಿಸಿದವು. ಅದರ ಜಾಗಕ್ಕೆಂದು 2017ರ ಆಗಸ್ಟ್ 31ರಂದು ಕಳುಹಿಸಿದ ಉಪಗ್ರಹವು ರಾಕೆಟ್ಟಿನ ಶಾಖಕವಚ ಬೇರ್ಪಡದೆ ಒಳಗೇ ಸಿಕ್ಕಿಬಿದ್ದಿತು. 2018ರ ಏಪ್ರಿಲ್‌ನಲ್ಲಿ ಮತ್ತೊಂದು ಹೋಯಿತು. ದೇಶೀ ಪರಮಾಣು ಗಡಿಯಾರವನ್ನು ಹೊತ್ತ ಎನ್‌ವಿಎಸ್-01 ಮೇಲೇರಿದ್ದು 2023ರ ಮೇ 29ರಂದು. 2025ರ ಜನವರಿ 29ರಂದು ಶ್ರೀಹರಿಕೋಟಾದ ನೂರನೆಯ ಉಡಾವಣೆಯಲ್ಲಿ ಹೋದ ಎನ್‌ವಿಎಸ್-02, ಕಕ್ಷೆಯನ್ನು ಎತ್ತರಿಸುವ ಎಂಜಿನ್ನಿನ ಕವಾಟ ತೆರೆಯದೆ ಉದ್ದೇಶಿತ ಕಕ್ಷೆಯನ್ನು ಮುಟ್ಟಲಿಲ್ಲ. ಆದ್ದರಿಂದ ಪಠ್ಯಪುಸ್ತಕದ ಚಿತ್ರದಲ್ಲಿರುವ ಏಳು ಉಪಗ್ರಹಗಳನ್ನು ನಂಬಿ ಪ್ರಯೋಗ ಯೋಜಿಸಬೇಡಿ. ಯಾವ ಉಪಗ್ರಹ ಇಂದು ನಿಜವಾಗಿ ಪಥದರ್ಶನ ಸಂದೇಶ ಕಳುಹಿಸುತ್ತಿದೆ ಎಂಬುದನ್ನು ನಿಮ್ಮ ರಿಸೀವರ್‌ನಲ್ಲಿಯೇ ನೋಡಿಕೊಂಡು ಹೊರಡಿ.

ನ್ಯಾವಿಕ್ ಎರಡು ಬಗೆಯ ಸೇವೆ ನೀಡುತ್ತದೆ. ಎಲ್ಲರಿಗೂ ತೆರೆದಿರುವ ಸಾಮಾನ್ಯ ಸೇವೆಯ ಸಿಗ್ನಲ್ ವಿವರಣೆಯನ್ನು ಇಸ್ರೋ ಪ್ರಕಟಿಸಿದೆ, ಅದನ್ನು ಇಳಿಸಿಕೊಂಡು ಸಾಲುಸಾಲಾಗಿ ಓದಿ. ಇನ್ನೊಂದು ಸೇನೆ ಮತ್ತು ಅಧಿಕೃತ ಬಳಕೆದಾರರಿಗೆ ಮೀಸಲಾದ ಗೂಢಲಿಪೀಕೃತ ಸೇವೆ. ಅದರ ತಂಟೆಗೆ ಹೋಗುವ ಅಗತ್ಯ ಸಂಶೋಧನೆಯ ಮೊದಲ ವರ್ಷಗಳಲ್ಲಿ ಯಾರಿಗೂ ಬರುವುದಿಲ್ಲ. ಎರಡೂ ಸೇವೆಗಳು ಅದೇ ಗಾಳಿ, ಅದೇ ಅಯಾನುಗೋಳ (ಬಿಡಿ ಎಲೆಕ್ಟ್ರಾನ್‌ಗಳು ತುಂಬಿರುವ ಮೇಲಿನ ವಾತಾವರಣದ ಪದರ), ಅದೇ ಸದ್ದಿನ (ಬೇಡದ ರೇಡಿಯೋ ಗದ್ದಲದ) ನಡುವೆ ಹಾದು ಬರುತ್ತವೆ.

ಇನ್ನು ಪ್ರಶ್ನೆಯ ಆಯ್ಕೆ. ಈ ವಿಷಯದ ಪ್ರಾಜೆಕ್ಟ್ ವರದಿಗಳಲ್ಲಿ ಹೆಚ್ಚಿನವು ಕಾರ್ಗಿಲ್ ಯುದ್ಧದಿಂದ ಶುರುವಾಗಿ ಆತ್ಮನಿರ್ಭರತೆಯಲ್ಲಿ ಮುಗಿಯುತ್ತವೆ, ನಡುವೆ ಒಂದು ಅಳತೆಯೂ ಇರುವುದಿಲ್ಲ. ಅಂಥ ಪೀಠಿಕೆಯನ್ನು ಬಿಟ್ಟು, ಸೇನಾ ವಿಮಾನಕ್ಕೆ ಪಥದರ್ಶನ ಸಿಗ್ನಲ್ ಯಾವ ಯಾವ ಕಾರಣಕ್ಕೆ ಕೈತಪ್ಪುತ್ತದೆ ಎಂದು ಕೇಳಿಕೊಳ್ಳಿ. ಜಿಪಿಎಸ್‌ನ ಉಪಗ್ರಹ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೆಲಕ್ಕೆ ತಲುಪುವ ಶಕ್ತಿ ಒಂದು ವಾಟ್‌ನ ಕೋಟಿ ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ, ರಿಸೀವರ್‌ನ ಉಷ್ಣ ಸದ್ದಿಗಿಂತ ಸುಮಾರು ಐವತ್ತು ಪಟ್ಟು ಕ್ಷೀಣ. 1,023 ತುಣುಕುಗಳ ಗೊತ್ತಿರುವ ಸಂಕೇತಮಾಲೆಯೊಂದಿಗೆ ಹೋಲಿಸಿ ನೋಡುವುದರಿಂದ ಮಾತ್ರ ಅದು ಸದ್ದಿನಿಂದ ಮೇಲೆದ್ದು ಕಾಣುತ್ತದೆ. ಇಷ್ಟು ಬಡಕಲಾದ ಸಿಗ್ನಲನ್ನು ಮುಚ್ಚಿಹಾಕುವುದು ಶತ್ರುವಿಗೆ ಕಷ್ಟವಲ್ಲ. 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ಗಡಿ ಭಾಗದಲ್ಲಿ, ಹೆಚ್ಚಾಗಿ ಅಮೃತಸರ ಮತ್ತು ಜಮ್ಮು ಸುತ್ತಮುತ್ತ, ಜಿಪಿಎಸ್‌ಗೆ ಅಡ್ಡಿಯಾದ 465 ಪ್ರಕರಣಗಳು ವರದಿಯಾಗಿವೆ ಎಂದು ನಾಗರಿಕ ವಿಮಾನಯಾನದ ರಾಜ್ಯ ಸಚಿವರು ಲೋಕಸಭೆಗೆ ತಿಳಿಸಿದ್ದರು. ಅವರು ನಮ್ಮ ಪುಣೆಯ ಸಂಸದರೇ ಆದ ಮುರಲೀಧರ ಮೊಹೋಳ್. ಇದು ಮನುಷ್ಯ ಮಾಡುವ ಅಡ್ಡಿ. ಪ್ರಕೃತಿ ಮಾಡುವ ಅಡ್ಡಿಯೇ ನಿಮ್ಮ ಮೊದಲ ಪ್ರಶ್ನೆಯಾಗಲಿ ಎಂದು ನಾನು ಸೂಚಿಸುತ್ತೇನೆ. ಅದಕ್ಕೆ ಕಾರಣ ಭೂಗೋಳ.

ಭೂಮಿಯ ಕಾಂತೀಯ ಸಮಭಾಜಕ ವೃತ್ತ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಹಗಲಿನಲ್ಲಿ ಅಲ್ಲಿಯ ಎಲೆಕ್ಟ್ರಾನ್‌ಗಳು ಮೇಲಕ್ಕೆ ಚಿಮ್ಮಿ, ಕಾಂತರೇಖೆಗಳ ಗುಂಟ ಇಳಿದು, ಭೋಪಾಲ ಮತ್ತು ಅಹಮದಾಬಾದಿನ ಆಸುಪಾಸಿನ ಅಕ್ಷಾಂಶದಲ್ಲಿ ರಾಶಿ ಬೀಳುತ್ತವೆ. ಗೋವಾ, ಪುಣೆ, ಮುಂಬಯಿ ಈ ಇಳಿಜಾರಿನ ಮೇಲೆಯೇ ಕುಳಿತಿವೆ. ಸೂರ್ಯಾಸ್ತದ ನಂತರ ಅಯಾನುಗೋಳದ ತಳದಿಂದ ಎಲೆಕ್ಟ್ರಾನ್ ವಿರಳವಾದ ಗುಳ್ಳೆಗಳು ಮೇಲೆದ್ದು ಉತ್ತರಕ್ಕೂ ದಕ್ಷಿಣಕ್ಕೂ ಚಾಚಿಕೊಳ್ಳುತ್ತವೆ. ಅವುಗಳ ಅಂಚನ್ನು ಹಾದು ಬರುವ ಸಿಗ್ನಲ್ ನಕ್ಷತ್ರದಂತೆ ಮಿನುಗುತ್ತದೆ, ಅಂದರೆ ಕೆಲವು ಸೆಕೆಂಡುಗಳಲ್ಲಿ ಅದರ ಶಕ್ತಿ ಪಾತಾಳಕ್ಕಿಳಿದು ಮತ್ತೆ ಏರುತ್ತದೆ. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ಗಳಲ್ಲಿ, ಸೂರ್ಯ ಚಟುವಟಿಕೆಯಿಂದಿರುವ ವರ್ಷಗಳಲ್ಲಿ, ರಾತ್ರಿ ಎಂಟರಿಂದ ನಡುರಾತ್ರಿಯವರೆಗೆ ಇದರ ಹಾವಳಿ ಹೆಚ್ಚು. ಯುರೋಪು, ಅಮೆರಿಕದ ಮಧ್ಯ ಅಕ್ಷಾಂಶಗಳಲ್ಲಿ ರೂಪಿಸಿದ ರಿಸೀವರ್‌ಗಳು ಈ ಕಾಟವನ್ನು ಹೆಚ್ಚಾಗಿ ಕಂಡಿರುವುದಿಲ್ಲ. ರಾತ್ರಿ ಹಾರುವ ನಮ್ಮ ಯುದ್ಧವಿಮಾನದ ರಿಸೀವರ್ ಕಾಣಲೇಬೇಕು.

ಅಳತೆಯ ಮೊದಲ ಹೆಜ್ಜೆಗೆ ಫೋನ್ ಸಾಕು. 2016ರ ಆಂಡ್ರಾಯ್ಡ್ 7ರಿಂದ ಈಚೆಗೆ ಹಲವು ಫೋನ್‌ಗಳು ಸಂಸ್ಕರಿಸದ ಉಪಗ್ರಹ ಅಳತೆಗಳನ್ನು ಕೊಡುತ್ತವೆ. ಗೂಗಲ್‌ನ ಜಿಎನ್‌ಎಸ್‌ಎಸ್ ಲಾಗರ್ ಎಂಬ ಆ್ಯಪ್ (ಜಿಎನ್‌ಎಸ್‌ಎಸ್ ಎಂದರೆ ಜಿಪಿಎಸ್‌ನಂಥ ವ್ಯವಸ್ಥೆಗಳ ಒಟ್ಟು ಹೆಸರು) ಅವನ್ನು ಕಡತವಾಗಿ ಉಳಿಸುತ್ತದೆ. ಡೆವಲಪರ್ ಆಯ್ಕೆಗಳಲ್ಲಿ ಪೂರ್ಣ ಜಿಎನ್‌ಎಸ್‌ಎಸ್ ಅಳತೆಯನ್ನು ಕಡ್ಡಾಯಗೊಳಿಸುವ ಗುಂಡಿಯನ್ನು ಒತ್ತಿರಿ, ಇಲ್ಲದಿದ್ದರೆ ಬ್ಯಾಟರಿ ಉಳಿಸಲೆಂದು ಫೋನ್ ರಿಸೀವರನ್ನು ಮಧ್ಯೆ ಮಧ್ಯೆ ಮಲಗಿಸುತ್ತದೆ. ಫೋನನ್ನು ತಾರಸಿಯ ನೀರಿನ ಟ್ಯಾಂಕಿನಿಂದ ದೂರದಲ್ಲಿ, ನಾಲ್ಕು ದಿಕ್ಕೂ ತೆರೆದಿರುವಲ್ಲಿ ಮಲಗಿಸಿಡಿ. ಮುಂಬಯಿಯ ಚಾಳು-ಗೋಪುರಗಳ ನಡುವೆ ಇದು ಸುಲಭವಲ್ಲ. ಗೋಡೆಯಿಂದ ಪ್ರತಿಫಲಿಸಿ ಬರುವ ಸಿಗ್ನಲ್ಲೂ ಮಿನುಗಿದಂತೆಯೇ ತೋರುತ್ತದೆ. ಎರಡನ್ನೂ ಬೇರ್ಪಡಿಸುವ ಉಪಾಯವೊಂದಿದೆ: ಜಿಪಿಎಸ್ ಉಪಗ್ರಹ ಪ್ರತಿ ದಿನ ನಾಲ್ಕು ನಿಮಿಷ ಮುಂಚಿತವಾಗಿ ಅದೇ ಜಾಗಕ್ಕೆ ಮರಳುವುದರಿಂದ ಗೋಡೆಯ ಪ್ರತಿಫಲನವೂ ನಾಲ್ಕು ನಿಮಿಷ ಮುಂಚಿತವಾಗಿ ಹಾಜರಾಗುತ್ತದೆ, ಅಯಾನುಗೋಳದ ಗುಳ್ಳೆ ಹಾಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲ.

ಫೋನ್ ಸೆಕೆಂಡಿಗೊಮ್ಮೆ ಮಾತ್ರ ಅಳೆಯುತ್ತದೆ, ಅದರ ಆಂಟೆನಾ ಕಳಪೆ. ಕಲಿಯಲು ಅದು ಸಾಕು, ಪ್ರಬಂಧಕ್ಕೆ ಸಾಲದು. ಮುಂದಿನ ಹಂತಕ್ಕೆ ಎಲ್1 ಮತ್ತು ಎಲ್5 ಎಂಬ ಎರಡು ಆವರ್ತನಗಳನ್ನೂ ಹಿಡಿಯುವ, ಸೆಕೆಂಡಿಗೆ ಹಲವು ಬಾರಿ ಅಳೆಯುವ ರಿಸೀವರೊಂದನ್ನು ಕಾಲೇಜಿನ ಮೂಲಕ ತರಿಸಿಕೊಳ್ಳಿ. ಮೊದಲ ಗುರಿಯಾಗಿ ನಾನು ಆರಿಸುವುದು ಜಿಪಿಎಸ್ ಉಪಗ್ರಹವನ್ನಲ್ಲ, ಗಗನ್ ವ್ಯವಸ್ಥೆಯ ಭೂಸ್ಥಿರ ಉಪಗ್ರಹ ಜಿಸ್ಯಾಟ್-10 ಅನ್ನು. ರಿಸೀವರ್‌ನ ಪಟ್ಟಿಯಲ್ಲಿ ಅದರ ಸಂಖ್ಯೆ 128. ಗಗನ್ ಎಂಬುದು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ, ಜಿಪಿಎಸ್‌ನ ದೋಷಗಳನ್ನು ತಿದ್ದಿ ವಿಮಾನಗಳಿಗೆ ಕೊಡುವ ವ್ಯವಸ್ಥೆ; 2015ರ ಏಪ್ರಿಲ್‌ನಲ್ಲಿ ಅದಕ್ಕೆ ಲಂಬ ಮಾರ್ಗದರ್ಶನದೊಂದಿಗೆ ಇಳಿಯುವ ಹಂತದ ಪ್ರಮಾಣಪತ್ರ ದೊರೆಯಿತು. 83 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿರುವ ಈ ಉಪಗ್ರಹ ಪುಣೆಯಿಂದ ನೋಡಿದರೆ ದಕ್ಷಿಣಕ್ಕಿಂತ ತುಸು ಪೂರ್ವಕ್ಕೆ, ಸುಮಾರು 66 ಡಿಗ್ರಿ ಎತ್ತರದಲ್ಲಿ ಅಲ್ಲಾಡದೆ ಇರುತ್ತದೆ. ಉಪಗ್ರಹ ಕದಲದ ಕಾರಣ ಸಿಗ್ನಲ್‌ನಲ್ಲಿ ಕಾಣುವ ಏರಿಳಿತವೆಲ್ಲ ಬಹುಮಟ್ಟಿಗೆ ನಡುವಿನ ಆಕಾಶದ್ದೇ ಆಗಿರುತ್ತದೆ. ಅಯಾನುಗೋಳವನ್ನು 350 ಕಿಲೋಮೀಟರ್ ಎತ್ತರದ ತೆಳುಪದರ ಎಂದು ಎಣಿಸಿದರೆ, ಪುಣೆಗೆ ಬರುವ ಈ ಸಿಗ್ನಲ್ ಅದನ್ನು ಚುಚ್ಚಿಕೊಂಡು ಬರುವುದು ಪುಣೆಯ ನೆತ್ತಿಯ ಮೇಲಲ್ಲ, ಸಾಂಗ್ಲಿ ಜಿಲ್ಲೆಯ ವಿಟಾದ ಆಸುಪಾಸಿನಲ್ಲಿ. ದಕ್ಷಿಣದಲ್ಲಿ 25 ಡಿಗ್ರಿ ಎತ್ತರಕ್ಕೆ ಇಳಿದ ಜಿಪಿಎಸ್ ಉಪಗ್ರಹವನ್ನು ಹಿಡಿದರಂತೂ ನೀವು ಅಳೆಯುತ್ತಿರುವುದು ಮಂಗಳೂರಿನ ಮೇಲಿನ ಅಯಾನುಗೋಳವನ್ನು! ಊರು ಬಿಟ್ಟು ಬಂದವರಿಗೆ ಇದೊಂದು ಸಮಾಧಾನ.

ಮಿನುಗುವಿಕೆಯ ಅಳತೆಗೆ ಎಸ್4 ಎಂಬ ಸೂಚ್ಯಂಕವಿದೆ. ರಿಸೀವರ್ ಕೊಡುವ ಸಿಗ್ನಲ್-ಸದ್ದಿನ ಅನುಪಾತ ಡೆಸಿಬೆಲ್‌ನಲ್ಲಿರುತ್ತದೆ. ಅದನ್ನು ಸಾಮಾನ್ಯ ಪ್ರಮಾಣಕ್ಕೆ ಪರಿವರ್ತಿಸಿಕೊಂಡು, ಪ್ರತಿ ಅರುವತ್ತು ಸೆಕೆಂಡಿನ ಭಾಗಕ್ಕೆ ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದರೆ ಎಸ್4 ಸಿಗುತ್ತದೆ. ಡೆಸಿಬೆಲ್‌ಗಳ ಮೇಲೆಯೇ ನೇರವಾಗಿ ವಿಚಲನೆ ತೆಗೆಯುವುದು ವಿದ್ಯಾರ್ಥಿಗಳ ವರದಿಗಳಲ್ಲಿ ಕಾಣುವ ಸಾಮಾನ್ಯ ತಪ್ಪು. ಶಾಂತ ರಾತ್ರಿಯಲ್ಲಿ ಮೌಲ್ಯ 0.2ರ ಕೆಳಗಿರುತ್ತದೆ, 0.6 ದಾಟಿತೆಂದರೆ ರಿಸೀವರ್ ಉಪಗ್ರಹದ ಹಿಡಿತ ಕಳೆದುಕೊಳ್ಳುವ ಸಂಭವವಿದೆ, ವಿಮಾನಯಾನದ ದೃಷ್ಟಿಯಿಂದ ಆ ಕ್ಷಣಗಳೇ ಮುಖ್ಯ. ಎಷ್ಟು ಉಪಗ್ರಹಗಳ ಹಿಡಿತ ಒಟ್ಟಿಗೆ ತಪ್ಪಿತು, ಮತ್ತೆ ಹಿಡಿಯಲು ಎಷ್ಟು ಹೊತ್ತಾಯಿತು ಎಂಬುದನ್ನು ಪಕ್ಕದಲ್ಲಿ ಬರೆದಿಡಿ.

ಎರಡನೆಯ ಅಳತೆ ವಿಳಂಬದ್ದು. ಅಯಾನುಗೋಳವು ಸಿಗ್ನಲನ್ನು ತಡಮಾಡಿಸುವ ಪ್ರಮಾಣ ದಾರಿಯಲ್ಲಿರುವ ಎಲೆಕ್ಟ್ರಾನ್‌ಗಳ ಒಟ್ಟು ಸಂಖ್ಯೆಗೆ (ಟೆಕ್) ಅನುಪಾತದಲ್ಲಿಯೂ ಆವರ್ತನದ ವರ್ಗಕ್ಕೆ ವಿಲೋಮದಲ್ಲಿಯೂ ಇರುತ್ತದೆ. ಒಂದು ಟೆಕ್ ಮಾನದಷ್ಟು ಎಲೆಕ್ಟ್ರಾನ್‌ಗಳು, ಅಂದರೆ ಚದರ ಮೀಟರಿಗೆ ಹತ್ತರ ಹದಿನಾರನೆಯ ಘಾತದಷ್ಟು, 1575.42 ಮೆಗಾಹರ್ಟ್ಸ್‌ನ ಎಲ್1ನಲ್ಲಿ 16 ಸೆಂಟಿಮೀಟರ್, 1176.45ರ ಎಲ್5ನಲ್ಲಿ 29 ಸೆಂಟಿಮೀಟರ್, ನ್ಯಾವಿಕ್‌ನ 2492.028 ಮೆಗಾಹರ್ಟ್ಸ್‌ನ ಎಸ್ ಬ್ಯಾಂಡಿನಲ್ಲಿ ಆರೂವರೆ ಸೆಂಟಿಮೀಟರ್ ದೋಷ ಹುಟ್ಟಿಸುತ್ತವೆ. ಒಂದೇ ಉಪಗ್ರಹದ ದೂರವನ್ನು ಎಲ್1 ಮತ್ತು ಎಲ್5ರಲ್ಲಿ ಅಳೆದಾಗ 5.2 ಮೀಟರ್ ವ್ಯತ್ಯಾಸ ಬಂದಿತೆನ್ನಿ. ಒಂದು ಮಾನಕ್ಕೆ ವ್ಯತ್ಯಾಸ 13 ಸೆಂಟಿಮೀಟರ್ ಆದ್ದರಿಂದ ದಾರಿಯಲ್ಲಿ ಸುಮಾರು 40 ಮಾನಗಳಿವೆ, ಎಲ್1ರ ದೂರದಲ್ಲಿ ಆರೂವರೆ ಮೀಟರ್ ತಪ್ಪಿದೆ ಎಂದಾಯಿತು. ಅದೇ 40 ಮಾನಗಳಿಗೆ ನ್ಯಾವಿಕ್‌ನ ಎಲ್5 ಮತ್ತು ಎಸ್ ನಡುವೆ ಒಂಬತ್ತು ಮೀಟರ್ ವ್ಯತ್ಯಾಸ ಬರುತ್ತದೆ. ಅಷ್ಟು ದೂರದೂರದ ಎರಡು ಆವರ್ತನಗಳನ್ನು ಆರಿಸಿದ್ದರ ಲಾಭ ಇದು. ಆದರೆ ಒಂದು ಎಚ್ಚರಿಕೆ: ಉಪಗ್ರಹ ಮತ್ತು ರಿಸೀವರ್‌ಗಳ ಒಳಗಿನ ವಿದ್ಯುನ್ಮಂಡಲಗಳೇ ಎರಡು ಆವರ್ತನಗಳ ನಡುವೆ ಹಲವು ಮೀಟರುಗಳ ಸ್ಥಿರ ವ್ಯತ್ಯಾಸ ಸೇರಿಸಿರುತ್ತವೆ. ಆರಂಭದಲ್ಲಿ ಒಟ್ಟು ಮೌಲ್ಯವನ್ನು ನಂಬದೆ, ಎಲೆಕ್ಟ್ರಾನ್‌ಗಳು ಕನಿಷ್ಠಕ್ಕಿಳಿದಿರುವ ಬೆಳಗಿನ ಜಾವದ ಮೌಲ್ಯವನ್ನು ಆಧಾರವಾಗಿಟ್ಟುಕೊಂಡು ದಿನದ ಏರಿಳಿತವನ್ನು ಮಾತ್ರ ನೋಡಿ. ನಿಮ್ಮ ಫಲಿತಾಂಶವನ್ನು ತಾಳೆ ನೋಡಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಅಂತರರಾಷ್ಟ್ರೀಯ ಜಿಎನ್‌ಎಸ್‌ಎಸ್ ಜಾಲದ ಕೇಂದ್ರದ ದತ್ತಾಂಶ ಉಚಿತವಾಗಿ ಸಿಗುತ್ತದೆ. ರೈನೆಕ್ಸ್ ನಮೂನೆಯ ಆ ಕಡತಗಳನ್ನು ಆರ್‌ಟಿಕೆಲಿಬ್ ಎಂಬ ಮುಕ್ತ ತಂತ್ರಾಂಶದಲ್ಲಿ ತೆರೆಯಬಹುದು.

ರಿಸೀವರ್‌ನ ಒಳಗೇ ಕೈಹಾಕುವ ಆಸೆಯುಳ್ಳವರಿಗೆ ಜಿಎನ್‌ಎಸ್‌ಎಸ್-ಎಸ್‌ಡಿಆರ್ ಎಂಬ ಮುಕ್ತ ತಂತ್ರಾಂಶವಿದೆ. ಗಣಕಕ್ಕೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರಾದ ಅಗ್ಗದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ನಿಂದ ಎಲ್1 ಸಿಗ್ನಲ್ ಹಿಡಿದು ಸ್ಥಾನ ಕಂಡುಹಿಡಿಯುವವರೆಗೆ ಹೋಗಬಹುದು. ಎಸ್ ಬ್ಯಾಂಡ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಇಲ್ಲಿ ಗೆರೆಯೊಂದನ್ನು ದಾಟಬಾರದು: ಕೇಳುವುದು ಸರಿ, ಪ್ರಸಾರ ಮಾಡುವುದು ಸಲ್ಲದು. ಅಡ್ಡಿ ಮತ್ತು ನಕಲಿ ಸಿಗ್ನಲ್‌ಗಳ ಅಧ್ಯಯನವನ್ನು ದಾಖಲಿಸಿಟ್ಟ ಕಡತಗಳ ಮೇಲೆ ಗಣಕದೊಳಗೆಯೇ ಮಾಡಿ. ಪರವಾನಗಿಯಿಲ್ಲದೆ ಈ ಆವರ್ತನಗಳಲ್ಲಿ ಏನನ್ನಾದರೂ ಹೊರಬಿಡುವುದು ಅಪರಾಧ, ಲೋಹೆಗಾಂವ್‌ನಂತೆ ಸುಖೋಯ್ ವಿಮಾನಗಳೂ ಪ್ರಯಾಣಿಕರ ವಿಮಾನಗಳೂ ಒಂದೇ ರನ್‌ವೇ ಬಳಸುವ ಊರಿನಲ್ಲಿ ಅದು ಪ್ರಾಣಾಪಾಯದ ಮಾತೂ ಹೌದು.

ಸಿಗ್ನಲ್ ಕೈತಪ್ಪಿದಾಗ ವಿಮಾನವನ್ನು ಕಾಯುವುದು ಜಡತ್ವ ಪಥದರ್ಶಕ, ಅಂದರೆ ವೇಗೋತ್ಕರ್ಷಮಾಪಕ ಮತ್ತು ಗೈರೋಗಳ ಕೂಟ. ವೇಗೋತ್ಕರ್ಷಮಾಪಕದಲ್ಲಿ ಗುರುತ್ವದ ಸಾವಿರದ ಒಂದು ಭಾಗದಷ್ಟು ಸ್ಥಿರ ದೋಷವಿದ್ದರೆ ಒಂದು ನಿಮಿಷದಲ್ಲಿ ಸ್ಥಾನ ಸುಮಾರು 18 ಮೀಟರ್ ಜಾರುತ್ತದೆ. ದೋಷ ಕಾಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಹತ್ತು ನಿಮಿಷದಲ್ಲಿ ಅದು ಒಂದೂಮುಕ್ಕಾಲು ಕಿಲೋಮೀಟರ್ ಆಗುತ್ತದೆ. ಉಪಗ್ರಹದ ಅಳತೆಯನ್ನೂ ಇದನ್ನೂ ಕಾಲ್ಮನ್ ಫಿಲ್ಟರ್ ಎಂಬ ಗಣಿತ ವಿಧಾನ ಬೆಸೆಯುತ್ತದೆ. ಎರಡು ಸ್ಥಾನಗಳನ್ನು ಸುಮ್ಮನೆ ಬೆರೆಸುವ ಸಡಿಲ ಜೋಡಣೆಯಿಂದ ಶುರುಮಾಡಿ, ನಾಲ್ಕಕ್ಕಿಂತ ಕಡಿಮೆ ಉಪಗ್ರಹಗಳಿದ್ದಾಗಲೂ ಒಂದೊಂದರ ದೂರವನ್ನು ಬಳಸಿಕೊಳ್ಳುವ ಬಿಗಿ ಜೋಡಣೆಗೆ ಹೋಗಿ. ನೀವು ದಾಖಲಿಸಿದ ಮಿನುಗುವ ರಾತ್ರಿಯ ಕಡತವನ್ನೇ ಈ ಫಿಲ್ಟರಿಗೆ ಉಣಿಸಿದರೆ ಪ್ರಬಂಧದ ತಿರುಳು ಸಿಕ್ಕಂತೆ.

ಇಷ್ಟಾದ ಮೇಲೆ ಸಂಸ್ಥೆಗಳ ಬಾಗಿಲು. ಖಡಕ್‌ವಾಸ್ಲಾದ ಬಳಿ ಗಿರಿನಗರದಲ್ಲಿರುವ ರಕ್ಷಣಾ ಉನ್ನತ ತಂತ್ರಜ್ಞಾನ ಸಂಸ್ಥೆಯ ಮೂಲ 1952ರದ್ದು. ಅಲ್ಲಿ ಸೇನಾಧಿಕಾರಿಗಳು, ಡಿಆರ್‌ಡಿಒ ವಿಜ್ಞಾನಿಗಳು ಮತ್ತು ನಾಗರಿಕ ವಿದ್ಯಾರ್ಥಿಗಳು ಒಂದೇ ತರಗತಿಯಲ್ಲಿ ಕೂರುತ್ತಾರೆ, ಬಳಕೆದಾರನ ನಿಜವಾದ ಕಷ್ಟ ಏನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮುಂಬಯಿಯ ಐಐಟಿಯ ವಿದ್ಯಾರ್ಥಿಗಳು ಕಟ್ಟಿದ ಪ್ರಥಮ್ ಉಪಗ್ರಹ 2016ರ ಸೆಪ್ಟೆಂಬರ್ 26ರಂದು ಹಾರಿದ್ದು ಇದೇ ಎಲೆಕ್ಟ್ರಾನ್‌ಗಳ ಎಣಿಕೆಗೆ. ಅದಕ್ಕೆ ಮೂರು ತಿಂಗಳು ಮೊದಲು ಪುಣೆಯ ಎಂಜಿನಿಯರಿಂಗ್ ಸಂಸ್ಥೆ ಸಿಒಇಪಿಯ, ಒಂದು ಕಿಲೋ ತೂಕದ ಸ್ವಯಂ ಎಂಬ ಉಪಗ್ರಹ ಕಕ್ಷೆ ಸೇರಿತ್ತು. ನಾನು ಮೊದಲು ಪತ್ರ ಬರೆಯುವುದಾದರೆ ನವಿ ಮುಂಬಯಿಯ ಪನವೇಲಿನ ಭಾರತೀಯ ಭೂಕಾಂತತ್ವ ಸಂಸ್ಥೆಗೆ ಬರೆಯುತ್ತೇನೆ. ಅದರ ಪೂರ್ವಜನಾದ ಕೊಲಾಬಾ ವೀಕ್ಷಣಾಲಯ 1859ರ ಸೆಪ್ಟೆಂಬರ್‌ನ ಮಹಾ ಸೌರ ಬಿರುಗಾಳಿಯನ್ನು ದಾಖಲಿಸಿತ್ತು, ವಿದ್ಯುತ್ ಟ್ರಾಮ್‌ಗಳ ಕಾಟಕ್ಕೆ 1904ರಲ್ಲಿ ಅಲಿಬಾಗ್‌ಗೆ ಸ್ಥಳಾಂತರವಾಯಿತು. ಗೋವಾದಲ್ಲಿರುವವರಿಗೆ ಬೇರೊಂದು ಪ್ರಶ್ನೆ ಕಾದಿದೆ: ದಾಬೋಲಿಮ್‌ನ ಐಎನ್‌ಎಸ್ ಹಂಸದಿಂದ ಹಾರುವ ನೌಕಾ ವಿಮಾನಗಳಿಗೆ ಸಮುದ್ರದ ಮೇಲ್ಮೈಯ ಪ್ರತಿಫಲನ ದೊಡ್ಡ ತಲೆನೋವು, ಅದನ್ನು ಯಾವ ಕಡಲತೀರದ ಬಂಡೆಯ ಮೇಲಿನಿಂದಲೂ ಅಳೆಯಬಹುದು.

ಪ್ರಾಧ್ಯಾಪಕರಿಗೆ ಬರೆಯುವಾಗ ನಿಮ್ಮ ಆಸಕ್ತಿಯ ವರ್ಣನೆಗಿಂತ ಒಂದು ರಾತ್ರಿಯ ಎಸ್4 ನಕ್ಷೆ, ಅದನ್ನು ಪಡೆದ ಸಲಕರಣೆಯ ವಿವರ ಮತ್ತು ಉತ್ತರ ಸಿಗದ ಒಂದೇ ಒಂದು ಪ್ರಶ್ನೆಯನ್ನು ಕಳುಹಿಸಿ. ಹಣಕ್ಕೆ ಇಸ್ರೋದ ರೆಸ್ಪಾಂಡ್ ಯೋಜನೆ ಅಧ್ಯಾಪಕರ ಮೂಲಕ ದೊರೆಯುತ್ತದೆ; ಉತ್ಪನ್ನ ರೂಪಿಸುವ ಹಂತಕ್ಕೆ ಬಂದವರಿಗೆ 2018ರಲ್ಲಿ ಆರಂಭವಾದ, ರಕ್ಷಣಾ ಸಚಿವಾಲಯದ ಐಡೆಕ್ಸ್ ಎಂಬ ನವೋದ್ಯಮ ಯೋಜನೆ ಇದೆ. ಕೆಲವು ನಿಯಮಗಳನ್ನು ಮೊದಲ ದಿನವೇ ತಿಳಿದಿರಿ. ಪಥದರ್ಶನದ ಉಪಕರಣ ಮತ್ತು ತಂತ್ರಾಂಶಗಳಲ್ಲಿ ಕೆಲವು ಸ್ಕೋಮೆಟ್ ಎಂಬ ರಫ್ತು ನಿಯಂತ್ರಣ ಪಟ್ಟಿಯಲ್ಲಿ ಬರುತ್ತವೆ, ವಿದೇಶದ ಸಹಯೋಗಿಗೆ ಮಿಂಚಂಚೆಯಲ್ಲಿ ಕಳುಹಿಸಿದರೂ ಅದು ರಫ್ತೇ. ನಾಗರಿಕ ರಿಸೀವರ್‌ಗಳಲ್ಲಿ ಹಲವು 18 ಕಿಲೋಮೀಟರ್ ಎತ್ತರ ಅಥವಾ ಗಂಟೆಗೆ 1,000 ನಾಟಿಕಲ್ ಮೈಲಿ ವೇಗ ದಾಟಿದರೆ ಸ್ಥಾನ ಹೇಳುವುದನ್ನು ನಿಲ್ಲಿಸುವುದೂ ಇಂಥದೇ ನಿರ್ಬಂಧದ ಫಲ. ಆಂಟೆನಾವನ್ನು ಡ್ರೋನ್‌ಗೆ ಕಟ್ಟುವ ಮುನ್ನ ಡ್ರೋನ್ ಹಾರಿಸಬಹುದಾದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಪುಣೆಯಲ್ಲಿ ವಾಯುನೆಲೆ, ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಪಾಷಾಣ್‌ನ ರಕ್ಷಣಾ ಪ್ರಯೋಗಾಲಯಗಳ ನಡುವೆ ಮುಕ್ತವಾಗಿ ಹಾರಿಸಬಲ್ಲ ಜಾಗ ಕಡಿಮೆ.

ಕಾಲವನ್ನೂ ಲೆಕ್ಕದಲ್ಲಿಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯೂ ಹೆಚ್ಚು, ಮಿನುಗುವಿಕೆಯೂ ಕಡಿಮೆ. ಆ ತಿಂಗಳುಗಳು ಬೆಂಗಳೂರು ಕೇಂದ್ರದ ಹಳೆಯ ದತ್ತಾಂಶವನ್ನು ಬಿಡಿಸಿ ತಂತ್ರಾಂಶ ಪಳಗಿಸಿಕೊಳ್ಳಲು ಸರಿ. ಗಣೇಶ ಹಬ್ಬದ ಹೊತ್ತಿಗೆ ಆಂಟೆನಾ ತಾರಸಿಯ ಕಂಬದ ಮೇಲಿರಬೇಕು, ಕೇಬಲ್ಲಿನ ಕೀಲುಗಳಿಗೆ ನೀರು ಇಳಿಯದಂತೆ ಟೇಪು ಸುತ್ತಿರಬೇಕು, ಕಡತಗಳ ಹೆಸರಿನಲ್ಲಿ ದಿನಾಂಕವೂ ಜಾಗತಿಕ ಸಮಯವೂ ತಾನಾಗಿ ಬೀಳುವಂತಿರಬೇಕು. ಸೆಪ್ಟೆಂಬರ್ ಮೂರನೆಯ ವಾರದಿಂದ ಅಕ್ಟೋಬರ್ ಕೊನೆಯವರೆಗೆ ಒಂದು ರಾತ್ರಿಯನ್ನೂ ಬಿಡದೆ ದಾಖಲಿಸಿ.